ಗಾಳಿಯ ವೇಗ: ಬಟ್ಟಲಿನಿಂದ ಡ್ರೋನ್‌ವರೆಗೆ

ಕೊರಟಗೆರೆ ತಾಲ್ಲೂಕಿನ ಸಿದ್ದರಬೆಟ್ಟವನ್ನು ನೀವು ಹತ್ತಿದ್ದೀರಾ? ಬುಡದಲ್ಲಿ ಎಲೆಯೂ ಅಲುಗದ ಹೊತ್ತಿನಲ್ಲಿ ಮೇಲೆ ಜೋರು ಗಾಳಿ ಬೀಸುತ್ತಿರಬಹುದು. ಅದರ ವೇಗ ಎಷ್ಟು? ಇದಕ್ಕೆ ಅಂದಾಜಿನ ಉತ್ತರ ಸಾಲದು. ಗಾಳಿಯಿಂದ ದೊರೆಯುವ ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ವೇಗವನ್ನು ಶೇಕಡ 10ರಷ್ಟು ಹೆಚ್ಚಾಗಿ ಅಳೆದರೆ ಶಕ್ತಿಯ ಲೆಕ್ಕ ಶೇಕಡ 33ರಷ್ಟು ಹೆಚ್ಚಾಗುತ್ತದೆ. ಅದನ್ನು ನಂಬಿ ಗಾಳಿಯಂತ್ರ ನಿಲ್ಲಿಸಿದವರ ಗತಿ?

ಇಂಥ ತಪ್ಪು ಹಿಂದೆಯೇ ನಡೆದಿದೆ. ಐರ್ಲೆಂಡಿನ ಖಗೋಳವಿಜ್ಞಾನಿ ಥಾಮಸ್ ರಾಮ್ನಿ ರಾಬಿನ್ಸನ್ 1846ರಲ್ಲಿ ನಾಲ್ಕು ಬಟ್ಟಲುಗಳು ತಿರುಗುವ ಪವನವೇಗಮಾಪಕವನ್ನು ರೂಪಿಸಿದರು. ಬಟ್ಟಲಿನ ಗಾತ್ರ ಎಷ್ಟೇ ಇರಲಿ, ಅದರ ವೇಗ ಗಾಳಿಯ ವೇಗದ ಮೂರನೆಯ ಒಂದು ಭಾಗ ಎಂದು ಅವರು ಭಾವಿಸಿದ್ದರು. ಈ ಅನುಪಾತ ಬಟ್ಟಲಿನ ಗಾತ್ರವನ್ನೂ ತೋಳಿನ ಉದ್ದವನ್ನೂ ಅವಲಂಬಿಸುತ್ತದೆ ಎಂಬುದು ತಿಳಿದದ್ದು ಆಮೇಲೆ. ಅಷ್ಟರಲ್ಲಿ ಎಷ್ಟೋ ದಾಖಲೆಗಳಲ್ಲಿ ಗಾಳಿ ಇದ್ದದ್ದಕ್ಕಿಂತ ಜೋರಾಗಿ ಬೀಸಿಬಿಟ್ಟಿತ್ತು!

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಬದುಕನ್ನೇ ಮೀಸಲಿಟ್ಟವರು ಅಣ್ಣಾ ಮಣಿ. 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಜನಿಸಿದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ವಜ್ರ, ಮಾಣಿಕ್ಯಗಳ ರೋಹಿತವನ್ನು ಅಭ್ಯಸಿಸಿದರು. 1945ರಲ್ಲಿ ಲಂಡನ್ನಿಗೆ ಹೋದಾಗ ದೊರೆತದ್ದು ಹವಾಮಾನ ಉಪಕರಣಗಳ ಅಧ್ಯಯನ. 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿದರು. ಆಗ ಸಾಮಾನ್ಯ ಉಪಕರಣಗಳೂ ವಿದೇಶದಿಂದಲೇ ಬರಬೇಕಿತ್ತು. ಸುಮಾರು 100 ಉಪಕರಣಗಳ ನಕ್ಷೆಗಳನ್ನು ಸಿದ್ಧಪಡಿಸಿ, ಅವು ಇಲ್ಲೇ ತಯಾರಾಗುವಂತೆ ಮಾಡಿದರು. ನಿಖರತೆಯ ವಿಷಯದಲ್ಲಿ ಅವರದು ಬಲು ಕಟ್ಟುನಿಟ್ಟು. 1976ರಲ್ಲಿ ನಿವೃತ್ತರಾದರೂ ಸುಮ್ಮನೆ ಕೂರಲಿಲ್ಲ. ಗಾಳಿಯ ವೇಗವನ್ನೂ ಸೌರಶಕ್ತಿಯನ್ನೂ ಅಳೆಯುವ ಉಪಕರಣಗಳ ಕಾರ್ಯಾಗಾರವೊಂದನ್ನು ಬೆಂಗಳೂರಿನಲ್ಲಿ ಆರಂಭಿಸಿದರು. ದೇಶದ ಗಾಳಿಯ ಅಂಕಿಅಂಶಗಳ ಅವರ ಗ್ರಂಥ 1983ರಲ್ಲಿ ಹೊರಬಂತು. ಗಾಳಿಯಂತ್ರ ಎಲ್ಲಿ ನಿಲ್ಲಿಸಬೇಕೆಂದು ಹುಡುಕುವವರಿಗೆ ಅದು ಕೈದೀಪವಾಯಿತು.

ಕಂಬದ ಮೇಲಿನ ಮಾಪಕಕ್ಕೆ ಒಂದು ಮಿತಿಯಿದೆ. ಅದು ತಾನಿರುವ ಜಾಗದ ಗಾಳಿಯನ್ನಷ್ಟೇ ಬಲ್ಲದು. ಬೆಟ್ಟದ ಇಳಿಜಾರಿನಲ್ಲಿ ಮಾರುಮಾರಿಗೂ ಗಾಳಿ ಬೇರೆ. ಡ್ರೋನ್ ಉಪಯುಕ್ತವಾಗುವುದು ಇಲ್ಲಿ. ಅದರ ಮೇಲಿನ ಪುಟ್ಟ ಸಂವೇದಕದಲ್ಲಿ ಶ್ರವಣಾತೀತ ಧ್ವನಿ ಅತ್ತಿಂದಿತ್ತ ಚಲಿಸುತ್ತದೆ. ಗಾಳಿಯ ಜೊತೆ ಸಾಗುವಾಗ ಕಡಿಮೆ ಸಮಯ, ಎದುರು ಸಾಗುವಾಗ ಹೆಚ್ಚು ಸಮಯ. ಈ ವ್ಯತ್ಯಾಸವೇ ವೇಗವನ್ನು ಹೇಳುತ್ತದೆ. ಸಂವೇದಕವಿಲ್ಲದೆಯೂ, ನಿಂತಲ್ಲೇ ನಿಲ್ಲಲು ಡ್ರೋನ್ ಗಾಳಿಗೆದುರಾಗಿ ಎಷ್ಟು ವಾಲಿತು ಎಂಬುದರಿಂದ ವೇಗವನ್ನು ಲೆಕ್ಕಹಾಕಬಹುದು. 2024ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಹಲವು ದೇಶಗಳಲ್ಲಿ ಮಾನವರಹಿತ ವಿಮಾನಗಳಿಂದ ಹವೆಯನ್ನು ಅಳೆಯುವ ಪ್ರಯೋಗ ನಡೆಸಿತು.

ತೊಡಕೆಂದರೆ ಡ್ರೋನಿನ ರೆಕ್ಕೆಗಳೇ ಗಾಳಿ ಎಬ್ಬಿಸುತ್ತವೆ. ಆದ್ದರಿಂದ ಸಂವೇದಕವನ್ನು ಅವುಗಳಿಂದ ಮೇಲೆ, ಉದ್ದ ಕಡ್ಡಿಯ ತುದಿಯಲ್ಲಿ ಕೂರಿಸುತ್ತಾರೆ. ಅಷ್ಟಾದರೂ ಅದರ ಅಂಕಿಯನ್ನು ಕೂಡಲೇ ನಂಬುವುದಿಲ್ಲ. ಮೊದಲು ಕಂಬದ ಮಾಪಕದ ಪಕ್ಕದಲ್ಲೇ ಹಾರಿಸಿ, ಎರಡನ್ನೂ ಹೋಲಿಸಿ ನೋಡುತ್ತಾರೆ.