ಕಿಟಕಿ ಪಕ್ಕದ ಅಮೆರಿಕ: ನೋಟದ ರೈಲುಗಳು ನಡೆದುಬಂದ ದಾರಿ

ಅಮೆರಿಕದ ರೈಲುಪ್ರಯಾಣದ ಬಗ್ಗೆ ಈಚೆಗೆ ಬರುತ್ತಿರುವ ಬರಹಗಳನ್ನು ಓದಿದರೆ, ಅದು ಒಂದೋ ಹೊಗೆ ಉಗುಳುವ ಹಳೆಯ ಎಂಜಿನ್ನಿನ ಆಟ, ಇಲ್ಲವೇ ಗಾಜಿನ ಛಾವಣಿಯಡಿ ವೈನ್ ಹೀರುವವರ ಭೋಗ ಎನ್ನಿಸಿಬಿಡುತ್ತದೆ. ಈ ಪರಂಪರೆಯನ್ನು ಬೆಳೆಸಿದ್ದು ದಿನನಿತ್ಯ ಓಡುವ, ಮೊಮ್ಮಕ್ಕಳನ್ನು ನೋಡಲು ಹೊರಟ ಅಜ್ಜಿಯೂ ಹತ್ತುವ ರೈಲು ಎಂಬ ಮಾತನ್ನು ಯಾರೂ ಎತ್ತುವುದಿಲ್ಲ.

ಆರಂಭದ ಕತೆ ಎಲ್ಲರಿಗೂ ಗೊತ್ತು. 1869ರ ಮೇ 10ರಂದು ಯೂಟಾದ ಪ್ರಾಮಂಟರಿಯಲ್ಲಿ ಪೂರ್ವ ಪಶ್ಚಿಮಗಳ ಹಳಿಗಳು ಕೂಡಿದವು. ಸಿಯೆರಾ ನೆವಾಡದ ಬಂಡೆ ಕೊರೆದ ಸಾವಿರಾರು ಚೀನೀ ಕೂಲಿಗಳಿಗೆ ಬೆಟ್ಟವೆಂದರೆ ಬರೀ ಅಡ್ಡಿ. ಅದನ್ನು ನೋಟವಾಗಿಸಿ ಮಾರಿದವರು ರೈಲು ಕಂಪನಿಗಳ ಜಾಹೀರಾತಿನವರು. ನಾರ್ದರ್ನ್ ಪೆಸಿಫಿಕ್ ಯೆಲ್ಲೊಸ್ಟೋನನ್ನು ಹಿಡಿಯಿತು. ಸಾಂಟಾ ಫೆಯ ಹಳಿ 1901ರಲ್ಲಿ ಗ್ರ್ಯಾಂಡ್ ಕ್ಯಾನ್ಯನ್ನಿನ ಅಂಚು ಮುಟ್ಟಿತು. 1905ಕ್ಕೆ ಅಲ್ಲೇ ಎಲ್ ಟೋವರ್ ಹೋಟೆಲು ಎದ್ದಿತು. ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನಕ್ಕೆ ಜನರನ್ನು ಕರೆಯಲು ಗ್ರೇಟ್ ನಾರ್ದರ್ನ್ ಕಂಪನಿ ಬ್ಲ್ಯಾಕ್‌ಫೀಟ್ ಜನರ ಚಿತ್ರಗಳ ಕ್ಯಾಲೆಂಡರ್ ಹಂಚಿತು. ಉದ್ಯಾನದ ಪೂರ್ವಭಾಗ 1895ರ ಒಪ್ಪಂದದಲ್ಲಿ ಅದೇ ಜನರ ಕೈಬಿಟ್ಟ ನೆಲ ಎಂಬುದಕ್ಕೆ ಕ್ಯಾಲೆಂಡರಿನಲ್ಲಿ ಜಾಗವಿರಲಿಲ್ಲ.

ನಿಜವಾದ ತಿರುವು ಬಂದದ್ದು 1944ರಲ್ಲಿ. ಜನರಲ್ ಮೋಟರ್ಸ್‌ನ ಸೈರಸ್ ಆಸ್ಬರ್ನ್ ಕೊಲರಾಡೊದ ಗ್ಲೆನ್‌ವುಡ್ ಕಣಿವೆಯನ್ನು ಎಂಜಿನ್ನಿನೊಳಗೆ ಕುಳಿತು ದಾಟುವಾಗ, ಡ್ರೈವರನಿಗೆ ಕಾಣುವುದು ಟಿಕೆಟ್ ಕೊಂಡವರಿಗೂ ಕಾಣಬೇಕೆಂದು ಹೊಳೆಯಿತು. ಮರುವರ್ಷವೇ ಬರ್ಲಿಂಗ್ಟನ್ ಕಂಪನಿ ಗಾಜಿನ ಗುಮ್ಮಟದ ‘ವಿಸ್ಟಾ ಡೋಮ್’ ಬೋಗಿ ಮಾಡಿಸಿತು. 2021ರಲ್ಲಿ ಯಶವಂತಪುರ–ಮಂಗಳೂರು ರೈಲಿಗೆ ಸೇರಿದ ವಿಸ್ಟಾಡೋಮ್‌ಗೆ ಹೆಸರು ಅಲ್ಲಿಂದ ಬಂದದ್ದು. 1949ರಲ್ಲಿ ಮೂರು ಕಂಪನಿಗಳು ಸೇರಿ ಓಡಿಸಿದ ಕ್ಯಾಲಿಫೋರ್ನಿಯಾ ಜೆಫಿರ್‌ನ ಜಾಣ್ಮೆ ಮಾತ್ರ ಗಾಜಿಗಿಂತ ವೇಳಾಪಟ್ಟಿಯಲ್ಲಿತ್ತು. ಬಯಲು, ಮರುಭೂಮಿಗಳು ರಾತ್ರಿಯ ಪಾಲಿಗೆ. ರಾಕಿ ಪರ್ವತ, ಫೆದರ್ ನದಿಯ ಕಣಿವೆ ಹಗಲಿಗೆ. ಬೇಗ ಮುಟ್ಟಿಸುವ ಪೈಪೋಟಿಗೆ ಅದು ಇಳಿಯಲೇ ಇಲ್ಲ. 1970ರಲ್ಲಿ ನಿಂತುಹೋಯಿತು.

1971ರಲ್ಲಿ ಬಂದ ರಾಷ್ಟ್ರೀಯ ಪ್ರಯಾಣಿಕ ರೈಲು ಸಂಸ್ಥೆ ಆಮ್‌ಟ್ರಾಕನ್ನು ಹಳಿಯುವುದು ಈಗ ರೂಢಿ. ಆದರೆ ಎಂಬತ್ತರ ದಶಕದ ಹೊತ್ತಿಗೆ ಅದು ತಂದ ಎರಡಂತಸ್ತಿನ ಬೋಗಿಗಳಾದ ಸೂಪರ್‌ಲೈನರ್‌ಗಳಿಲ್ಲದಿದ್ದರೆ ನನ್ನಂಥವರ ತಲೆಮಾರು ಪಶ್ಚಿಮ ಅಮೆರಿಕವನ್ನು ವಿಮಾನದ ಎತ್ತರದಿಂದಷ್ಟೇ ನೋಡುತ್ತಿತ್ತು. ಅವುಗಳ ಲೌಂಜ್ ಬೋಗಿಯಲ್ಲಿ ಛಾವಣಿಯವರೆಗೆ ಬಾಗಿದ ಗಾಜು, ಕಿಟಕಿಗೆ ಮುಖಮಾಡಿದ ಕುರ್ಚಿ. ಆ ಲೌಂಜಿನಲ್ಲಿ ಕೂರಲು ಬೇರೆ ಟಿಕೆಟ್ ಬೇಡ. 1983ರಲ್ಲಿ ಆಮ್‌ಟ್ರಾಕಿನ ರೈಲಾಗಿ ಜೆಫಿರ್ ಡೆನ್ವರ್‌ನಿಂದ ನೆಟ್ಟಗೆ ಬೆಟ್ಟ ಹತ್ತುವ ಹಳೆಯ ದಾರಿಗೆ ಮರಳಿತು. ಊರು ದಾಟಿ ಏರು ಶುರುವಾಗುತ್ತಲೇ ದೊಡ್ಡದೊಂದು ತಿರುವು. ಅದರ ಪಕ್ಕದಲ್ಲಿ ಹೊಟ್ಟೆತುಂಬ ಮಣ್ಣು ತುಂಬಿಕೊಂಡು ಕದಲದೆ ನಿಂತ ಹಳೆಯ ಗೂಡ್ಸ್ ಬೋಗಿಗಳ ಸಾಲು. ಬೆಟ್ಟದ ಗಾಳಿ ರೈಲನ್ನೇ ಉರುಳಿಸೀತೆಂದು ಕಟ್ಟಿದ ಗೋಡೆ ಅದು. ಮುಂದೆ ಒಂದರ ಹಿಂದೊಂದು ಸುರಂಗ, ಕೊನೆಗೆ ಸುಮಾರು 10 ಕಿಲೋಮೀಟರ್ ಉದ್ದದ ಮಾಫಟ್ ಸುರಂಗ. ಅದರಾಚೆ ಕೊಲರಾಡೊ ನದಿ. ರಬ್ಬರ್ ದೋಣಿಯ ಹುಡುಗರು ರೈಲು ಕಂಡೊಡನೆ ಬೆನ್ನು ತಿರುಗಿಸಿ ಚಡ್ಡಿ ಜಾರಿಸುವ ಸಂಪ್ರದಾಯವೂ ಅಲ್ಲುಂಟು. ಪ್ರವಾಸೋದ್ಯಮದ ಪುಸ್ತಿಕೆಗಳು ಇದನ್ನು ಛಾಪಿಸುವುದಿಲ್ಲ.

ಪ್ರವಾಸಿಗರಿಗೆಂದೇ ಓಡುವ ರೈಲುಗಳ ಪೈಕಿ ಡುರಾಂಗೊ–ಸಿಲ್ವರ್‌ಟನ್‌ನ 1882ರ ನ್ಯಾರೋಗೇಜ್, ಕೊಲರಾಡೊ ಮತ್ತು ನ್ಯೂ ಮೆಕ್ಸಿಕೊ ಸೇರಿ 1970ರಲ್ಲಿ ಕೊಂಡು ಉಳಿಸಿದ ಕಂಬ್ರೆಸ್–ಟೋಲ್ಟೆಕ್, 1989ರಲ್ಲಿ ಮರುಜೀವ ಪಡೆದ ಗ್ರ್ಯಾಂಡ್ ಕ್ಯಾನ್ಯನ್ ರೈಲು ಚೆಂದವೇ. ಅವುಗಳಲ್ಲಿ ಊರು ಸೇರಬೇಕಾದವರು ಮಾತ್ರ ಸಿಗುವುದಿಲ್ಲ.

ಬಿಟ್ಟುಹೋದ ದಾರಿಗಳ ಲೆಕ್ಕ ಹಾಕುವವರು ಕಡಿಮೆ. ಫೆದರ್ ನದಿಯ ಕಣಿವೆಯಲ್ಲಿ 1970ರ ನಂತರ ನಿತ್ಯದ ಪ್ರಯಾಣಿಕ ರೈಲಿಲ್ಲ. ದಕ್ಷಿಣ ಮೊಂಟಾನದ ರೈಲು 1979ರಲ್ಲಿ ನಿಂತಿತು. 1869ರ ಆ ಪ್ರಸಿದ್ಧ ಹಳಿ ಹಾಯುವ ವಯೋಮಿಂಗ್ ರಾಜ್ಯಕ್ಕೆ 1997ರಿಂದ ಆಮ್‌ಟ್ರಾಕ್ ರೈಲು ಒಂದೂ ಬರುವುದಿಲ್ಲ. ಇನ್ನು ಉಳಿದವುಗಳ ಪಾಡು: ಪಶ್ಚಿಮದ ಹಳಿಗಳ ಒಡೆಯರು ಹೆಚ್ಚಾಗಿ ಗೂಡ್ಸ್ ಕಂಪನಿಗಳು. ಪ್ರಯಾಣಿಕ ರೈಲಿಗೆ ಮೊದಲ ದಾರಿ ಎಂದು 1973ರಿಂದ ಕಾನೂನು ಹೇಳುತ್ತದೆ. ಆದರೂ ಕ್ರಾಸಿಂಗಿನಲ್ಲಿ ಗೂಡ್ಸಿಗಾಗಿ ಕಾದು ನಿಲ್ಲುವುದು ಬಹಳ ಸಲ ಜೆಫಿರ್. ಹಾಗೆ ನಾಲ್ಕೈದು ಗಂಟೆ ತಡವಾದ ದಿನ, 1949ರಲ್ಲಿ ಅಷ್ಟು ಲೆಕ್ಕಹಾಕಿ ಹಗಲಿಗೆ ಹೊಂದಿಸಿದ್ದ ಬೆಟ್ಟಗಳು ಕತ್ತಲಲ್ಲಿ ಕಳೆದುಹೋಗುತ್ತವೆ.