ನಾದಸ್ನಾನವೂ ರೋಸಿನ ಹಾಡೂ

ಈಚಿನ ವರ್ಷಗಳಲ್ಲಿ ದೊಡ್ಡ ಪಟ್ಟಣಗಳ ಅನುಕೂಲಸ್ಥರ ಮನೆಗಳಲ್ಲಿ ಹುಟ್ಟುಹಬ್ಬ, ಸೀಮಂತ, ಮದುವೆಯ ಮುನ್ನಾದಿನದ ಕೂಟ ಮೊದಲಾದ ಸಂದರ್ಭಗಳಲ್ಲಿ ‘ಸೌಂಡ್ ಬಾತ್’ ಎಂಬುದನ್ನು ಏರ್ಪಡಿಸುವ ರೂಢಿಯೊಂದು ತಲೆದೋರಿದೆ. ಕನ್ನಡದಲ್ಲಿ ಇದನ್ನು ನಾದಸ್ನಾನವೆನ್ನಬಹುದು. ನೆಂಟರಿಷ್ಟರು ಚಾಪೆಗಳ ಮೇಲೆ ಕಣ್ಣು ಮುಚ್ಚಿ ಮಲಗಿಕೊಳ್ಳುವರು. ಇದರಲ್ಲಿ ಪಳಗಿದವರೊಬ್ಬರು ಕಂಚಿನ ಬಟ್ಟಲುಗಳನ್ನೂ ಜಾಗಟೆಗಳನ್ನೂ ಮೆಲ್ಲನೆ ಮಿಡಿದು, ಉಜ್ಜಿ, ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ನಾದವನ್ನು ಹೊರಡಿಸುವರು. ಕೇಳಿದವರು ಮೈ ಹಗುರಾಯಿತೆಂದು ಹೇಳುವುದುಂಟು. ಅದನ್ನು ಅಲ್ಲಗಳೆಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ‘ಇದು ಹಿಮಾಲಯದ ಸಾವಿರಾರು ವರ್ಷಗಳ ಪರಂಪರೆ’ ಎಂಬ ಮಾತು ಮಾತ್ರ ಸ್ವಲ್ಪ ವಿಚಾರಕ್ಕೆ ಅರ್ಹವಾಗಿದೆ.

ಬಟ್ಟಲುಗಳೇನೋ ಹಳೆಯವೇ. ತಾಮ್ರಕ್ಕೆ ನೂರರಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಪಾಲು ತವರವನ್ನು ಬೆರೆಸಿ, ಕಾಯಿಸಿ ಬಡಿದು ಮಾಡಿದ ಕಂಚಿನ ಪಾತ್ರೆಗಳು ನಮ್ಮ ನೆರೆಯ ನೀಲಗಿರಿಯ ಪ್ರಾಚೀನ ಸಮಾಧಿಗಳಲ್ಲಿಯೂ ತಮಿಳುನಾಡಿನ ಆದಿಚ್ಚನಲ್ಲೂರಿನಲ್ಲಿಯೂ ದೊರೆತಿವೆ. ಅಂತಹ ಕಂಚು ತಟ್ಟಿದರೆ ಬಹಳ ಹೊತ್ತು ಅನುರಣಿಸುತ್ತದೆ. ಆದರೆ ಆ ಬಟ್ಟಲುಗಳನ್ನು ಸಾಲಾಗಿಟ್ಟು ಕೇಳುಗರನ್ನು ಮಲಗಿಸಿ ನುಡಿಸುವ ಪದ್ಧತಿಗೆ ಅಷ್ಟು ವಯಸ್ಸಿಲ್ಲ. ಹೆನ್ರಿ ವುಲ್ಫ್ ಮತ್ತು ನ್ಯಾನ್ಸಿ ಹೆನ್ನಿಂಗ್ಸ್ ಎಂಬವರು 1972ರಲ್ಲಿ ಹೊರತಂದ ‘ಟಿಬೆಟನ್ ಬೆಲ್ಸ್’ ಎಂಬ ಧ್ವನಿಮುದ್ರಿಕೆಯ ತರುವಾಯವೇ ಪಾಶ್ಚಾತ್ಯ ದೇಶಗಳಲ್ಲಿ ಇದರ ಪ್ರಚಾರ ಹಬ್ಬಿತು. ಬಟ್ಟಲು ಪೂರ್ವದ್ದು, ಸ್ನಾನ ಪಶ್ಚಿಮದ್ದು ಎಂದರೆ ಹೆಚ್ಚು ತಪ್ಪಾಗಲಾರದು.

ಇಷ್ಟನ್ನು ಹೇಳಿ ಬಟ್ಟಲುಗಳನ್ನು ಅಲ್ಲಿಯೇ ಬಿಡೋಣ. ಶುಭಕಾರ್ಯದ ಮುನ್ನಾದಿನ ಬಂಧುಗಳನ್ನು ಕರೆದು, ಮನೆಯೊಳಗೆ ನಾದವನ್ನು ತುಂಬಿ, ಆ ನಾದದ ನಡುವೆ ಒಬ್ಬರಿಗೆ ನಿಜವಾಗಿಯೂ ಮೀಯಿಸುವ ಆಚಾರವೊಂದು ನಮ್ಮ ಜಿಲ್ಲೆಯಲ್ಲಿಯೇ ಇದೆ. ಮಂಗಳೂರಿನ ಪೂರ್ವಕ್ಕೆ, ಕುಲಶೇಖರದ ನೆರೆಯಲ್ಲಿರುವ ಶಕ್ತಿನಗರದಲ್ಲಿ ನಿಂತು ಈ ಮಾತನ್ನು ಆಡುವುದಕ್ಕೆ ಕಾರಣವೂ ಇದೆ. ಕೊಂಕಣಿಯ ಹಳೆಯ ಹಾಡುಗಳನ್ನು ಮತ್ತೆ ಬೆಳಕಿಗೆ ತರುವ ಹಂಬಲದಿಂದ 1986ರಲ್ಲಿ ಎರಿಕ್ ಒಝೇರಿಯೊ ಮೊದಲಾದವರು ಕಟ್ಟಿದ ಮಾಂಡ್ ಸೊಭಾಣ್ ಸಂಸ್ಥೆಯ ಬಯಲು ರಂಗಮಂದಿರ ‘ಕಲಾಂಗಣ’ವಿರುವುದು ಇಲ್ಲಿಯೇ, 2009ರಲ್ಲಿ ಪ್ರಾರಂಭವಾದ ವಿಶ್ವ ಕೊಂಕಣಿ ಕೇಂದ್ರವೂ ಶಕ್ತಿನಗರದಲ್ಲಿಯೇ ಇದೆ. ನಾನು ಹೇಳಹೊರಟ ಆಚಾರಕ್ಕೆ ‘ರೋಸ್’ ಎಂದು ಹೆಸರು. ಕರಾವಳಿಯ ಕೊಂಕಣಿ ಕ್ರೈಸ್ತರು ಅದನ್ನು ಇಂದಿಗೂ ನಡೆಸುತ್ತಾರೆ.

ರೋಸ್ ಎಂದರೆ ತೆಂಗಿನಕಾಯಿಯ ಹಾಲು. ನಮ್ಮ ‘ರಸ’ ಶಬ್ದವೇ ಆ ಭಾಷೆಯಲ್ಲಿ ಹಾಗಾಗಿದೆ. ಮದುವೆಯ ಹಿಂದಿನ ಸಂಜೆ ವಧುವಿನ ಮನೆಯಲ್ಲಿ ವಧುವಿಗೂ ವರನ ಮನೆಯಲ್ಲಿ ವರನಿಗೂ ಬೇರೆಬೇರೆಯಾಗಿ ಇದು ನಡೆಯುವುದು. ಅಂಗಳದಲ್ಲಿ ‘ಮಾಟೊವ್’ ಎಂಬ ಚಪ್ಪರ ಎದ್ದಿರುತ್ತದೆ. ಮದುಮಗನನ್ನೋ ಮದುಮಗಳನ್ನೋ ದೇದೊ ಅಥವಾ ದೇದಿ ಎಂದು ಕರೆಯಲ್ಪಡುವ ಒಡನಾಡಿಗಳೊಡನೆ ಕುಳ್ಳಿರಿಸಿ, ಮೊದಲು ಹೆತ್ತವರು, ಬಳಿಕ ಹತ್ತಿರದ ಬಂಧುಗಳು, ಆಮೇಲೆ ನೆರೆಹೊರೆಯವರು ಸರದಿಯಂತೆ ಬಂದು, ಎಣ್ಣೆಯಿಂದ ಶಿಲುಬೆಯ ಗುರುತು ಮಾಡಿ, ತಲೆಗೂ ಮೈಗೂ ತೆಂಗಿನಹಾಲನ್ನು ಹಚ್ಚಿ, ಕಾಣಿಕೆಯಿತ್ತು ಹರಸುವರು. ತರುವಾಯ ಬಿಸಿನೀರಿನ ಸ್ನಾನ. ಈ ಹೊತ್ತೆಲ್ಲ ಹೆಂಗಸರ ಹಾಡು ನಡೆದೇ ಇರಬೇಕು. ಬಲ್ಲ ಹಿರಿಯಳೊಬ್ಬಳು ದೇವರನ್ನೂ ಶಿಲುಬೆಯನ್ನೂ ಸ್ಮರಿಸಿ ಎತ್ತಿಕೊಡುವಳು, ಉಳಿದವರು ಎತ್ತಿಕೊಳ್ಳುವರು. ಎಣ್ಣೆಯ ಬಟ್ಟಲು ಬಂದಾಗ ಎಣ್ಣೆಯ ಮೇಲೆ, ಹಾಲು ಬಂದಾಗ ಹಾಲಿನ ಮೇಲೆ, ತಾಯಿ ಎದ್ದು ನಿಂತಾಗ ತಾಯಿಯ ಮೇಲೆ ಹಾಡು ತಿರುಗುವುದು. ಹಾಡುವವಳ ಕಣ್ಣು ಕ್ರಿಯೆಯ ಮೇಲಿರಬೇಕಾದುದರಿಂದ ಇದನ್ನು ಮೊದಲೇ ಕಟ್ಟಿಟ್ಟ ಗೀತಗೋಷ್ಠಿ ಎನ್ನಲಾಗುವುದಿಲ್ಲ. 1965ರಲ್ಲಿ ಸೆವೆರಿನ್ ಸಿಲ್ವ ಮತ್ತು ಸ್ಟೀಫನ್ ಫುಕ್ಸ್ ಎಂಬ ಪಾದ್ರಿಗಳು ದಕ್ಷಿಣ ಕನ್ನಡದ ಕ್ರೈಸ್ತರ ಮದುವೆಯ ಪದ್ಧತಿಗಳನ್ನು ಕುರಿತು ದೀರ್ಘವಾದ ಪ್ರಬಂಧವನ್ನೇ ಬರೆದಿರುವರು. ಕುತೂಹಲವುಳ್ಳವರು ಅದನ್ನು ಹುಡುಕಿ ಓದಬಹುದು.

ಈ ಹಾಡಿಗೆ ‘ವೊವಿ’ ಎಂದು ಹೆಸರು, ಹಲವಾದರೆ ‘ವೊವಿಯೊ’. ಮರಾಠಿಯ ‘ಓವಿ’ಯೊಡನೆ ಇದರ ನಂಟು ಸ್ಪಷ್ಟವಾಗಿದೆ. ಓವಿಯ ಹಳಮೆಗೆ ಕನ್ನಡನಾಡಿನ ಅರಸನೇ ಸಾಕ್ಷಿಯೆಂಬುದು ನಮಗೆ ಸಂತೋಷದ ಸಂಗತಿ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ಮಹಾರಾಷ್ಟ್ರದ ಸ್ತ್ರೀಯರು ಧಾನ್ಯವನ್ನು ಕುಟ್ಟುವಾಗ ಓವಿಯನ್ನು ಹಾಡುವರೆಂಬ ಉಲ್ಲೇಖವಿದೆ. ನಮ್ಮ ಗರತಿಯರು ಬೀಸುವ ಕಲ್ಲಿನ ಮುಂದೆ ಹಾಡಿಕೊಂಡ ತ್ರಿಪದಿಗಳನ್ನು ಇಲ್ಲಿ ನೆನೆಯಬಹುದು. ಕೆಲಸದ ಕೈಗೂ ಹಾಡಿನ ಉಸಿರಿಗೂ ಇದ್ದ ಈ ಹೊಂದಿಕೆಯೇ ಮದುವೆಯ ಮನೆಗೂ ಬಂದಿರಬೇಕು. ತೆಂಗಿನಕಾಯಿ ತುರಿದು ಹಾಲು ಹಿಂಡುವುದೂ ಹೆಂಗಸರ ಕೆಲಸವೇ ಅಷ್ಟೆ.

ಇಷ್ಟು ನಿರಪಾಯಕರವಾದ ಹಾಡನ್ನು ಒಂದು ಕಾಲದಲ್ಲಿ ರಾಜ್ಯವೊಂದು ಅಪರಾಧವೆಂದು ಸಾರಿತೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಗೋವೆಯಲ್ಲಿ ಪೋರ್ತುಗೀಸರ ಇನ್‌ಕ್ವಿಸಿಶನ್ ಎಂಬ ಧರ್ಮವಿಚಾರಣೆಯ ನ್ಯಾಯಾಸನವು 1560ರಲ್ಲಿ ಸ್ಥಾಪಿತವಾಯಿತು. ಹೊಸದಾಗಿ ಕ್ರೈಸ್ತರಾದವರು ಹಳೆಯ ಆಚಾರಗಳಿಗೆ ಮರಳದಂತೆ ಕಾಯುವುದು ಅದರ ಕೆಲಸ. 1684ರಲ್ಲಿ ವೈಸರಾಯನು, ಕೊಂಕಣಿಯನ್ನು ಬಿಟ್ಟು ಪೋರ್ತುಗೀಸ್ ಭಾಷೆಯನ್ನಾಡಬೇಕೆಂದು ಆಜ್ಞಾಪಿಸಿದನು. 1736ರಲ್ಲಿ ನ್ಯಾಯಾಸನವು ಹೊರಡಿಸಿದ ನಿಷೇಧಪತ್ರವಂತೂ ಮನೆಯ ಒಳಗನ್ನೇ ಹೊಕ್ಕಿತು. ವಧೂವರರಿಗೆ ಅರಸಿನ, ಹಾಲು, ತೆಂಗಿನೆಣ್ಣೆ, ಅಕ್ಕಿಹಿಟ್ಟು ಮುಂತಾದುವನ್ನು ಹಚ್ಚಬಾರದು, ಮದುವೆಯಲ್ಲಿ ವೊವಿಯೊ ಹಾಡಬಾರದು, ನಾಡವಾದ್ಯಗಳನ್ನು ನುಡಿಸಬಾರದು, ವೀಳ್ಯವನ್ನೂ ಹೂವನ್ನೂ ಹಿಂದಿನ ಕ್ರಮದಲ್ಲಿ ಹಂಚಬಾರದು, ಮನೆಯ ಬಳಿ ತುಳಸಿಯನ್ನು ಬೆಳೆಸಬಾರದು. ಪಟ್ಟಿ ಹೀಗೆಯೇ ಮುಂದುವರಿಯುತ್ತದೆ. ಅದನ್ನು ಓದಿದಾಗ, ಬರೆದವರು ವಿರೋಧಿಗಳಾದರೂ ಎಂತಹ ಸೂಕ್ಷ್ಮದರ್ಶಿಗಳೆಂದು ನನಗೆ ಅನಿಸುತ್ತದೆ. ಒಂದು ಜನಾಂಗದ ನೆನಪು ಗ್ರಂಥದಲ್ಲಿಲ್ಲ, ಅಡುಗೆಮನೆಯಲ್ಲಿಯೂ ಹೆಂಗಸರ ಕೊರಳಿನಲ್ಲಿಯೂ ಇದೆ ಎಂಬುದನ್ನು ಅವರು ಕಂಡುಕೊಂಡಿದ್ದರು. ನಮ್ಮ ಪಂಡಿತರು ಅದನ್ನು ಕಾಣಲು ಬಹುಕಾಲ ಹಿಡಿಯಿತು.

ನಿಷೇಧದಿಂದ ರೋಸು ಗೋವೆಯಲ್ಲಿಯೂ ಅಳಿಯಲಿಲ್ಲ. ಕನ್ನಡ ಜಿಲ್ಲೆಯ ಪರಿಸ್ಥಿತಿ ಇನ್ನೂ ಬೇರೆಯಾಗಿತ್ತು. ಹದಿನಾರನೆಯ ಶತಮಾನದಿಂದ ಹಲವು ಅಲೆಗಳಲ್ಲಿ ಇಲ್ಲಿಗೆ ಬಂದು ಬೇಸಾಯ ಹೂಡಿದ ಕ್ರೈಸ್ತರು ಧರ್ಮದ ವಿಷಯದಲ್ಲಿ ಗೋವೆಯ ಆರ್ಚ್‌ಬಿಷಪರಿಗೆ ಅಧೀನರಾಗಿದ್ದರೂ, ಅವರು ನೆಲಗಂದಾಯ ಕೊಡುತ್ತಿದ್ದುದು ಇಕ್ಕೇರಿಯ ನಾಯಕರಿಗೆ. ಪಾದ್ರಿಯ ಎಚ್ಚರಿಕೆ ಇಲ್ಲಿಗೆ ತಲಪಬಹುದು, ನ್ಯಾಯಾಸನದ ಸೆರೆಮನೆ ತಲಪಲಾರದು. ವೊವಿಯೊ ಇಲ್ಲಿ ಅಂಗಳದಲ್ಲಿಯೇ, ಗಟ್ಟಿಯಾಗಿಯೇ ಉಳಿಯುವುದಕ್ಕೆ ಇದು ಕಾರಣಗಳಲ್ಲೊಂದೆಂದು ನನ್ನ ಊಹೆ. ಅದಕ್ಕಿಂತ ದೊಡ್ಡ ಗಂಡಾಂತರ 1784ರಲ್ಲಿ ಬಂದಿತು. ಆ ವರ್ಷ ಟಿಪ್ಪು ಸುಲ್ತಾನನು ಈ ಸಮುದಾಯದ ಬಹುಪಾಲು ಜನರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅವರ ಸಂಖ್ಯೆಯನ್ನು 30,000ದಿಂದ 80,000ದವರೆಗೆ ಬೇರೆಬೇರೆಯವರು ಬೇರೆಬೇರೆಯಾಗಿ ಹೇಳುತ್ತಾರೆ. ಇಗರ್ಜಿಗಳು ಕೆಡವಲ್ಪಟ್ಟುವು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅಳಿದುಳಿದವರು ಘಟ್ಟವಿಳಿದು ಹಿಂದಕ್ಕೆ ಬಂದರು. ಹದಿನೈದು ವರ್ಷವೆಂದರೆ ಕೈಕೂಸಾಗಿದ್ದವಳು ಮದುವೆಯ ವಯಸ್ಸಿಗೆ ಬರುವಷ್ಟು ಕಾಲ. ಹೊಲ, ಮನೆ, ಇಗರ್ಜಿ ಒಂದೂ ಉಳಿಯದ ಆ ಜನರೊಡನೆ ರೋಸಿನ ಕ್ರಮ ಮರಳಿ ಬಂದಿತೆಂದರೆ, ಅದನ್ನು ಹೊತ್ತು ತಂದವರು ಯಾರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಗೋವೆಯಿಂದ ಬಂದವರು ಕ್ರೈಸ್ತರು ಮಾತ್ರವಲ್ಲ. ಗೌಡ ಸಾರಸ್ವತರು ಬಂದರು, ಕುಡುಬಿಗಳೂ ಬಂದರು. ಕುಡುಬಿಗಳು ಹೋಳಿಯ ದಿನಗಳಲ್ಲಿ ಗುಮಟೆಯನ್ನು ಬಾರಿಸುತ್ತ ಮನೆಯಿಂದ ಮನೆಗೆ ಹೋಗಿ ಹಾಡಿ ಕುಣಿಯುವುದನ್ನು ಉಡುಪಿ, ಕಾರ್ಕಳ, ಮೂಡುಬಿದಿರೆಗಳ ಕಡೆಯವರು ಬಲ್ಲರು. ಗುಮಟೆ ಮಣ್ಣಿನ ಮಡಕೆ. ಅದರ ಅಗಲ ಬಾಯಿಗೆ ಚರ್ಮವನ್ನು ಬಿಗಿದಿರುತ್ತಾರೆ. ಒಂದು ಕೈ ಚರ್ಮವನ್ನು ಬಡಿಯುತ್ತಿರುವಾಗ ಇನ್ನೊಂದು ಅಂಗೈ ಹಿಂದಿನ ಕಿರುಬಾಯಿಯನ್ನು ಮುಚ್ಚಿ ತೆರೆದು ನಾದವನ್ನು ಏರಿಳಿಸುತ್ತದೆ. ಕ್ರೈಸ್ತರ ‘ಗುಮಟ್’ ಕೂಡ ಇದೇ. ಒಂದೇ ಮಡಕೆ ಎರಡು ಧರ್ಮಗಳ ಅಂಗಳದಲ್ಲಿ ನುಡಿಯುವುದನ್ನು ಕಂಡರೆ ಚರಿತ್ರೆಯ ಪುಸ್ತಕಗಳಲ್ಲಿ ನಾವು ಎಳೆದುಕೊಂಡ ಗೆರೆಗಳು ಎಷ್ಟು ಈಚಿನವೆಂಬುದು ತಿಳಿಯುತ್ತದೆ. ಹಿಂದೆ ಇದಕ್ಕೆ ಉಡದ ಚರ್ಮವನ್ನು ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅದಕ್ಕೆ ಅವಕಾಶವಿಲ್ಲ; ಆಡಿನ ಚರ್ಮವೇ ಈಗ ಗತಿ. ಗೋವೆಯ ಸರಕಾರವು 2019ರಲ್ಲಿ ಇದನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿತು. 1736ರ ಪಟ್ಟಿಯನ್ನು ಬರೆದವರು ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ!

ಮನೆಗೆ ನಾದವನ್ನು ಬರಮಾಡಿಕೊಳ್ಳುವ ಮಾತು ಬಂದಾಗ ಅದರ ಕತ್ತಲೆಯ ಮಗ್ಗುಲನ್ನೂ ಮುಚ್ಚಿಡಬಾರದು. ವೊವಿಯನ್ನು ಹಾಡಿದವಳು ಮನೆಯವಳು, ಅಥವಾ ಮನೆಯವಳ ಸಮಾನಳು. ಅವಳಿಗೆ ಒಳಗೆ ಎಲೆ ಹಾಕುತ್ತಿದ್ದರು. ಡೋಲು ಬಾರಿಸಿದ ಕೊರಗನಿಗೆ ಆ ಭಾಗ್ಯವಿರಲಿಲ್ಲ. ತುಳುನಾಡಿನ ಎಷ್ಟೋ ಉತ್ಸವಗಳಿಗೆ ಅವನ ಡೋಲು ಬೇಕು, ಅವನು ಮಾತ್ರ ಅಂಗಳದಿಂದ ಆಚೆಗಿರಬೇಕು. ನಾದಕ್ಕಿಲ್ಲದ ಮೈಲಿಗೆ ನುಡಿಸುವವನಿಗೆ ಹೇಗೆ ಅಂಟಿತೆಂದು ಕೇಳುವವರಿರಲಿಲ್ಲ. ಆ ಜನರನ್ನು ಹೀನಾಯವಾಗಿ ನಡೆಸಿಕೊಳ್ಳುವ ‘ಅಜಲು’ ಪದ್ಧತಿಯನ್ನು ಕರ್ನಾಟಕವು ಕಾಯಿದೆಯಿಂದ ನಿಷೇಧಿಸಿದ್ದು 2000ದಲ್ಲಿ. ಮಂಗಳೂರಿನಲ್ಲಿ ಎರಡು ನಿಷೇಧಗಳ ಚರಿತ್ರೆಯನ್ನು ಒಟ್ಟಿಗೆ ಓದಬೇಕಾಗಿದೆ. ಒಂದು ಹಾಡುವ ಹಕ್ಕನ್ನು ಕಸಿಯಲು ಹೊರಟುದು, ಇನ್ನೊಂದು ಮನುಷ್ಯನ ಮಾನವನ್ನು ಉಳಿಸಲು ಬಂದುದು.

ಹೂವಿನಕೋಲು, ಚಿಕ್ಕಮೇಳಗಳ ವಿಷಯವನ್ನು ಇಲ್ಲಿ ವಿಸ್ತರಿಸುವುದಿಲ್ಲ. ನವರಾತ್ರಿಯಲ್ಲಿ ಹುಡುಗರ ತಂಡವೋ, ಪತ್ತನಾಜೆಯ ಬಳಿಕ ಮಳೆಗಾಲದಲ್ಲಿ ಯಕ್ಷಗಾನದ ಕಿರುತಂಡವೋ ಮನೆಬಾಗಿಲಿಗೆ ಬಂದಾಗ ದೀಪ ಹಚ್ಚಿ, ಅಕ್ಕಿ ತೆಂಗಿನಕಾಯಿ ಇಟ್ಟು ಕುಳಿತು ಕೇಳುವುದು ಇನ್ನೂ ಇದೆ. ಕೇಳುವವನಿಗೂ ಅಲ್ಲೊಂದು ಕೆಲಸವಿದೆ ಎಂಬುದಷ್ಟೇ ಇಲ್ಲಿ ಪ್ರಕೃತ. ನಾದಸ್ನಾನದಲ್ಲಿ ಅತಿಥಿಗೆ ಮಲಗುವ ಹೊರತು ಬೇರೆ ಕೆಲಸವಿಲ್ಲ. ನುಡಿಸುವವರು ಅತಿಥಿಯ ಹೆಸರನ್ನು ಅರಿತಿರಬೇಕೆಂದೂ ಇಲ್ಲ. ಅದರ ನೆಮ್ಮದಿಯೂ ಪ್ರಾಯಶಃ ಅದರಲ್ಲಿಯೇ ಇದೆ. ರೋಸಿನ ಚಪ್ಪರದಲ್ಲಿ ಅಂತಹ ನೆಮ್ಮದಿ ಸಿಕ್ಕದು. ಅಲ್ಲಿ ನಿಮ್ಮ ಹೆಸರು, ನಿಮ್ಮ ತಾಯಿಯ ಹೆಸರು ಹಾಡಿನೊಳಗೆ ಬರುತ್ತದೆ. ಎದ್ದುಬಂದು ಹಾಲು ಹಚ್ಚಬೇಕಾಗುತ್ತದೆ. ಮಾತು ಬಿಟ್ಟ ದಾಯಾದಿಯೂ ಸರದಿಯಲ್ಲಿ ನಿಮ್ಮ ಹಿಂದೆಯೇ ನಿಂತಿರಬಹುದು.

ರೋಸು ಇಂದು ಅಂಗಳದಿಂದ ಸಭಾಂಗಣಕ್ಕೆ ಹೋಗಿದೆ. ಮಾಟೊವ್ ಬದಲಿಗೆ ಅಲಂಕರಿಸಿದ ವೇದಿಕೆ, ಹೆಂಗಸರ ಕೊರಳಿನ ಬದಲಿಗೆ ಧ್ವನಿವರ್ಧಕ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿಯ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ನಿಲ್ಲಬೇಕು. ಬರಿಗೊರಳಿನ ಹತ್ತು ಹೆಂಗಸರ ಹಾಡಿಗೆ ಧ್ವನಿವರ್ಧಕದ ಹಂಗೇ ಇರಲಿಲ್ಲ.

ಕಲಾಂಗಣದವರ ಕೆಲಸವನ್ನು ಈ ಹಿನ್ನೆಲೆಯಲ್ಲಿಯೇ ಕಾಣಬೇಕು. 2008ರ ಜನವರಿ 26 ಮತ್ತು 27ರಂದು ಅಲ್ಲಿ 40 ಗಂಟೆಗಳ ಕಾಲ ಎಡೆಬಿಡದೆ ಕೊಂಕಣಿ ಹಾಡುಗಳನ್ನು ಹಾಡಿ ಗಿನ್ನೆಸ್ ದಾಖಲೆಯನ್ನು ಮಾಡಿದರು. ಬ್ರೆಜಿಲಿನ ತಂಡವೊಂದರ 36 ಗಂಟೆಗಳ ದಾಖಲೆಯನ್ನು ಅದು ಮೀರಿತು. ದಾಖಲೆಗಳ ಮೋಹ ನನಗೆ ಅಷ್ಟಾಗಿಲ್ಲ. ಆದರೆ ಹಾಡುಗಳನ್ನು ಅಷ್ಟು ಹೊತ್ತು ಮುಗಿಯದಂತೆ ಕೂಡಿಹಾಕಬೇಕಾದರೆ ಎಷ್ಟು ಮನೆಗಳಿಗೆ ಹೋಗಿ ಎಷ್ಟು ಮಂದಿಯನ್ನು ಕೇಳಿರಬೇಕೆಂಬುದನ್ನು ಯೋಚಿಸಿದರೆ ಗೌರವ ಹುಟ್ಟುತ್ತದೆ. ವೇದಿಕೆಯ ಮೇಲೆ ವೊವಿಯನ್ನು ಕಲಿತು ಹಾಡುವ ತರುಣಿಯರ ಸ್ವರ ಶುದ್ಧವಾಗಿರುತ್ತದೆ. ಎಣ್ಣೆಯ ಬಟ್ಟಲು ಮಗುಚಿದಾಗ ಅದಕ್ಕೂ ಒಂದು ನುಡಿಯನ್ನು ಅಲ್ಲೇ ಕಟ್ಟುವ ಚಾತುರ್ಯ ಮಾತ್ರ ವೇದಿಕೆಯಲ್ಲಿ ಕಲಿಯಲು ಬರುವುದಿಲ್ಲ.

ಮದುವೆಯ ಮನೆಯವರು ಸಭಾಂಗಣ, ಊಟ, ದೀಪಾಲಂಕಾರ ಇವೆಲ್ಲವನ್ನೂ ತಿಂಗಳುಗಟ್ಟಲೆ ಮೊದಲೇ ಗೊತ್ತುಮಾಡುತ್ತಾರೆ. ವೊವಿಯೊ ಹೇಳುವವರು ಯಾರು ಎಂಬ ಪ್ರಶ್ನೆ ಏಳುವುದು ಕೊನೆಯ ವಾರದಲ್ಲಿ. ಆಗ ಯಾರೋ ದೂರದ ಒಬ್ಬ ಅಜ್ಜಿಯ ಹೆಸರನ್ನು ಹೇಳುತ್ತಾರೆ, ಕಾರು ಕಳುಹಿಸುತ್ತಾರೆ. ಅಜ್ಜಿಗೆ ಮೆಟ್ಟಲು ಹತ್ತಲು ಇಬ್ಬರು ಹಿಡಿಯಬೇಕು. ಕುರ್ಚಿಯಲ್ಲಿ ಕುಳಿತ ಮೇಲೆ, ಮುಂದೆ ಚಾಚಿದ ಧ್ವನಿವಾಹಕವನ್ನು ಕೈಯಿಂದ ಸರಿಸಿ, ಮದುಮಗಳ ಹೆಸರೇನು, ಅವಳ ತಾಯಿ ಯಾವ ಊರಿನವಳು ಎಂದು ಆಕೆ ಮೊದಲು ವಿಚಾರಿಸುತ್ತಾಳೆ.