ತಾಳೆ ನೋಡುವುದು ಮತ್ತು ಸಾಧಿಸುವುದು: ಬಗ್ದಾದಿನ ಗಣಿತಜ್ಞರು ಬಿಟ್ಟುಹೋದ ಪಾಠ

ಪ್ರೌಢಶಾಲೆಯ ಗಣಿತ ಪುಸ್ತಕಗಳಲ್ಲಿ ಎರಡು ಬಗೆಯ ಸೂಚನೆಗಳು ಕಾಣಸಿಗುತ್ತವೆ. ಒಂದು ‘ತಾಳೆ ನೋಡಿ’, ಇನ್ನೊಂದು ‘ಸಾಧಿಸಿ’. ಇವೆರಡೂ ಒಂದೇ ಎಂದು ತಿಳಿದಿರುವ ಮಕ್ಕಳು ಕಡಿಮೆಯಿಲ್ಲ. ಒಂದು ನಿತ್ಯಸಮೀಕರಣವನ್ನು ಸಾಧಿಸಲು ಹೇಳಿದರೆ ಅವರು ಚರಾಕ್ಷರದ ಜಾಗದಲ್ಲಿ 1ನ್ನು ಹಾಕುತ್ತಾರೆ, ಮತ್ತೆ 2ನ್ನು ಹಾಕುತ್ತಾರೆ. ಎರಡೂ ಬದಿಗಳು ಸಮವಾದವೆಂದು ತೋರಿಸಿ, ಕೆಳಗೆ ‘ಸಾಧಿಸಲಾಗಿದೆ’ ಎಂದು ಬರೆದು ಪುಸ್ತಕ ಮುಚ್ಚುತ್ತಾರೆ. ಹಿರಿಯರಾದ ನಮ್ಮಲ್ಲಿಯೂ ಅನೇಕರಿಗೆ ಇದರಲ್ಲಿ ತಪ್ಪೇನಿದೆ ಎಂದು ತಿಳಿಯದು.

ತಪ್ಪೇನೆಂಬುದನ್ನು ಒಂದು ಚಿಕ್ಕ ಲೆಕ್ಕದಿಂದ ನೋಡೋಣ. ‘ಯಾವುದೇ ಸಂಖ್ಯೆಯ ವರ್ಗಕ್ಕೆ 2ನ್ನು ಕೂಡಿಸಿದರೆ ಆ ಸಂಖ್ಯೆಯ ಮೂರು ಪಟ್ಟು ಬರುತ್ತದೆ’ ಎಂದು ಒಬ್ಬನು ಹೇಳಿದನೆನ್ನಿ. 1ರಿಂದ ಪರೀಕ್ಷಿಸಿದರೆ ಎರಡೂ ಕಡೆ 3 ಬರುತ್ತದೆ. 2ರಿಂದ ಪರೀಕ್ಷಿಸಿದರೆ ಎರಡೂ ಕಡೆ 6 ಬರುತ್ತದೆ. ಆದರೆ 3ನ್ನು ಹಾಕಿದೊಡನೆ ಒಂದು ಕಡೆ 11, ಇನ್ನೊಂದು ಕಡೆ 9. ಎರಡು ಉದಾಹರಣೆಗಳ ಸಾಕ್ಷ್ಯದಿಂದ ಒಂದು ಸುಳ್ಳು ನಿಯಮವು ಸತ್ಯದ ವೇಷ ತೊಟ್ಟು ನಿಂತಿತ್ತು.

‘ಆಲ್ಜಿಬ್ರಾ’ ಎಂಬ ಪದವು ಅರಬಿಯ ‘ಅಲ್-ಜಬ್ರ್’ನಿಂದ ಬಂದಿದೆಯೆಂದು ನಾವು ಸಭೆ ಸಮಾರಂಭಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೆಮ್ಮೆ ಸಹಜವೇ. ಆದರೆ ಆ ಪದವನ್ನು ಕೊಟ್ಟವರು ಒಂದು ನಿಯಮವನ್ನು ಯಾವಾಗ ಸತ್ಯವೆಂದು ಒಪ್ಪುತ್ತಿದ್ದರು ಎಂಬುದನ್ನು ನಾವು ಅಪರೂಪಕ್ಕೆ ಕೇಳುತ್ತೇವೆ. ಅವರ ನಿಜವಾದ ಆಸ್ತಿ ಇರುವುದು ಆ ಪ್ರಶ್ನೆಯ ಉತ್ತರದಲ್ಲಿ.

ಖಲೀಫ ಮಾಮೂನನ ಆಳ್ವಿಕೆಯ (813–833) ಕಾಲದಲ್ಲಿ ಬಗ್ದಾದಿನಲ್ಲಿದ್ದ ಮುಹಮ್ಮದ್ ಬಿನ್ ಮೂಸಾ ಅಲ್-ಖ್ವಾರಿಝ್ಮಿಯವರು ‘ಅಲ್-ಜಬ್ರ್ ಮತ್ತು ಅಲ್-ಮುಕಾಬಲ’ದ ಬಗ್ಗೆ ತಮ್ಮ ಪ್ರಸಿದ್ಧ ಗ್ರಂಥವನ್ನು ರಚಿಸಿದರು. ಅದರ ಒಂದು ಲೆಕ್ಕ ಹೀಗಿದೆ: ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯ ಹತ್ತು ಪಟ್ಟನ್ನು ಕೂಡಿಸಿದರೆ 39 ಬರುತ್ತದೆ, ಆ ಸಂಖ್ಯೆ ಯಾವುದು? ಅವರು ಕೊಡುವ ವಿಧಾನ ಸರಳವಾದುದು. ಹತ್ತರ ಅರ್ಧ 5, ಅದರ ವರ್ಗ 25. ಅದನ್ನು 39ಕ್ಕೆ ಕೂಡಿಸಿದರೆ 64. ಅದರ ವರ್ಗಮೂಲ 8. ಅದರಿಂದ 5ನ್ನು ಕಳೆದರೆ 3. ತಾಳೆ ನೋಡಿದರೆ 9 ಮತ್ತು 30 ಸೇರಿ 39; ಉತ್ತರ ಸರಿಯಾಗಿದೆ.

ಅವರು ಅಲ್ಲಿಗೇ ನಿಲ್ಲಿಸಬಹುದಿತ್ತು, ಆದರೆ ನಿಲ್ಲಿಸಲಿಲ್ಲ. ಅರ್ಧ ಮಾಡುವುದೇಕೆ, ವರ್ಗ ಮಾಡುವುದೇಕೆ, ಕೂಡಿಸುವುದೇಕೆ ಎಂಬುದಕ್ಕೆ ಚಿತ್ರ ಬರೆದು ಕಾರಣ ಕೊಟ್ಟರು. ಆ ಕಾರಣವನ್ನು ಅವರು ‘ಇಲ್ಲತ್’ ಎಂದು ಕರೆದರು. ತಿಳಿಯದ ಸಂಖ್ಯೆಯನ್ನು ಬಾಹುವಾಗಿಟ್ಟು ಒಂದು ಚೌಕವನ್ನು ಎಳೆಯಿರಿ. ಅದರ ಎರಡು ಪಕ್ಕದ ಬಾಹುಗಳಿಗೆ 5ರ ಅಗಲದ ಒಂದೊಂದು ಆಯತವನ್ನು ಅಂಟಿಸಿರಿ. ಚೌಕ ಮತ್ತು ಎರಡು ಆಯತಗಳ ಒಟ್ಟು ವಿಸ್ತೀರ್ಣ 39. ಮೂಲೆಯಲ್ಲಿ 5ಕ್ಕೆ 5ರ ಒಂದು ಚೌಕದಷ್ಟು ಜಾಗ ಖಾಲಿ ಉಳಿಯುತ್ತದೆ. ಆ 25ನ್ನು ತುಂಬಿದರೆ 64 ವಿಸ್ತೀರ್ಣದ ಪೂರ್ಣ ಚೌಕ. ಅದರ ಬಾಹು 8. ಇದರಲ್ಲಿ ನಾವು ಅಂಟಿಸಿದ 5 ಹೋದರೆ ಉಳಿಯುವುದು 3.

ಈ ಚಿತ್ರವನ್ನು ಎಳೆಯುವಾಗ ಉತ್ತರ 3 ಎಂಬುದನ್ನು ನಾವು ಎಲ್ಲಿಯೂ ಬಳಸಲಿಲ್ಲ. ಬಾಹು 3 ಆಗಿರಲಿ, 300 ಆಗಿರಲಿ, ಖಾಲಿ ಮೂಲೆ 25 ಆಗಿಯೇ ಇರುತ್ತದೆ. ಒಂದು ಸಂಖ್ಯೆಗೆ 5ನ್ನು ಕೂಡಿಸಿ ವರ್ಗ ಮಾಡಿದರೆ, ಅದರ ವರ್ಗ, ಅದರ ಹತ್ತು ಪಟ್ಟು ಮತ್ತು 25 ಸೇರಿದಷ್ಟೇ ಆಗುತ್ತದೆ ಎಂಬ ನಿತ್ಯಸಮೀಕರಣಕ್ಕೆ ಈ ಚಿತ್ರವೇ ಸಾಧನೆಯಾಗಿದೆ.

ಇಷ್ಟೊಂದು ಎಚ್ಚರಿಕೆ ಏಕೆ? ಅದೇ ಗ್ರಂಥದ ದೊಡ್ಡ ಭಾಗವೊಂದು ವಸಿಯ್ಯತ್ ಹಾಗೂ ವಾರಸು ಹಂಚಿಕೆಯ ಲೆಕ್ಕಗಳಿಗೆ ಮೀಸಲಾಗಿದೆ. ಆ ಲೆಕ್ಕಗಳಲ್ಲಿ ಬರುವವು ಬಹುಮಟ್ಟಿಗೆ ಸರಳ ಸಮೀಕರಣಗಳೇ. ಆದರೂ ಅವು ಒಂದು ಮಾತನ್ನು ಸ್ಪಷ್ಟಪಡಿಸುತ್ತವೆ. ಗತಿಸಿದವನ ಮಕ್ಕಳೆಷ್ಟು, ಸಾಲವೆಷ್ಟು, ವಸಿಯ್ಯತ್ ಎಷ್ಟು ಎಂಬುದು ಮನೆಯಿಂದ ಮನೆಗೆ ಬೇರೆಯಾಗಿರುತ್ತದೆ. ಎಲ್ಲ ಮನೆಗಳ ಲೆಕ್ಕವನ್ನೂ ಒಂದು ಪುಸ್ತಕದಲ್ಲಿ ಬರೆದಿಡಲು ಯಾರಿಂದಲೂ ಆಗದು. ಆದುದರಿಂದ ಪುಸ್ತಕದಲ್ಲಿಲ್ಲದ ಮನೆಗೂ ನಿಯಮವು ಸರಿಹೊಂದಬೇಕು. ಮೂರು ಮನೆಗಳಲ್ಲಿ ಸರಿಬಂದಿತೆಂಬ ಒಂದೇ ಕಾರಣಕ್ಕೆ ನಿಯಮವನ್ನು ನಂಬಿದರೆ, ನಾಲ್ಕನೆಯ ಮನೆಯಲ್ಲಿ ಅನಾಥ ಮಗುವಿನ ಹಕ್ಕು ತಪ್ಪಿಹೋಗಬಹುದು.

ಹರ್ರಾನಿನ ಸಾಬಿತ್ ಬಿನ್ ಕುರ್ರಾ (ನಿಧನ 901) ಇನ್ನೊಂದು ಹೆಜ್ಜೆ ಮುಂದಿಟ್ಟರು. ಅವರು ಮುಸ್ಲಿಮರಾಗಿರಲಿಲ್ಲ, ಸಾಬಿ ಪಂಥದವರು. ಚಿತ್ರವು ಕಣ್ಣಿಗೆ ಒಪ್ಪಿದರೆ ಸಾಲದೆಂದು, ಅಲ್-ಜಬ್ರ್‌ನ ವಿಧಾನಗಳನ್ನು ಅವರು ಯೂಕ್ಲಿಡನು ಮೊದಲೇ ಸಾಧಿಸಿದ್ದ ಪ್ರಮೇಯಗಳ ಮೇಲೆ ನಿಲ್ಲಿಸಿದರು. ಅವರ ಆ ಕಿರುಗ್ರಂಥದ ಶೀರ್ಷಿಕೆಯಲ್ಲಿ ‘ಬುರ್ಹಾನ್’ ಎಂಬುದರ ಬಹುವಚನವಿದೆ. ಕುರ್‌ಆನ್ ಓದುವ ನಮಗೆ ಆ ಪದ ಅಪರಿಚಿತವಲ್ಲ; ಸ್ಪಷ್ಟವಾದ ಪುರಾವೆ ಎಂಬುದು ಅದರ ಅರ್ಥ.

ಹಾಗೆಂದು ಆ ಕಾಲದ ವಿದ್ವಾಂಸರು ತಾಳೆ ನೋಡುವುದನ್ನು ತುಚ್ಛವೆಂದು ಎಣಿಸಲಿಲ್ಲ. ಗುಣಾಕಾರದ ತಪ್ಪು ಹಿಡಿಯಲು ಅಂಕೆಗಳನ್ನು ಕೂಡಿಸಿ 9ನ್ನು ಕಳೆಯುತ್ತ ಹೋಗುವ ಪರೀಕ್ಷೆ ಅವರಲ್ಲಿ ಬಳಕೆಯಲ್ಲಿತ್ತು. ಅದಕ್ಕೆ ‘ಮೀಝಾನ್’, ಅಂದರೆ ತಕ್ಕಡಿ ಎಂದು ಹೆಸರು. ಆದರೆ ತಕ್ಕಡಿಗೂ ಮಿತಿಯಿದೆ. 12ನ್ನು 13ರಿಂದ ಗುಣಿಸಿದರೆ 156. ಒಬ್ಬನು ಅಂಕೆ ಹಿಂದುಮುಂದಾಗಿ 165 ಎಂದು ಬರೆದರೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ತಕ್ಕಡಿ ತೂಗದಿದ್ದರೆ ಲೆಕ್ಕ ಖಂಡಿತ ತಪ್ಪು. ತೂಗಿದರೆ ಸರಿಯೆಂದು ಖಚಿತವಾಗಿ ಹೇಳಲಾಗದು.

ಹನ್ನೊಂದನೆಯ ಶತಮಾನದ ಆರಂಭದಲ್ಲಿ ಬಗ್ದಾದಿನ ಅಲ್-ಕರಜಿಯವರು ‘ಅಲ್-ಫಖ್ರಿ’ ಎಂಬ ಗ್ರಂಥದಲ್ಲಿ ಒಂದು ಸೊಗಸಾದ ಸಾಧನೆಯನ್ನು ಕೊಟ್ಟರು. 1ರಿಂದ 10ರವರೆಗಿನ ಸಂಖ್ಯೆಗಳ ಘನಗಳ ಮೊತ್ತವು, ಆ ಸಂಖ್ಯೆಗಳ ಮೊತ್ತದ ವರ್ಗಕ್ಕೆ ಸಮ ಎಂಬುದು ಅವರ ವಿಷಯ. 1ರಿಂದ 10ರವರೆಗಿನ ಮೊತ್ತ 55. ಆದುದರಿಂದ 55 ಬಾಹುವಿನ ಒಂದು ಚೌಕವನ್ನು ಎಳೆದು, ಅದರ ಎರಡು ಪಕ್ಕದ ಅಂಚುಗಳಿಂದ 10ರ ಅಗಲದ ಪಟ್ಟಿಯನ್ನು ಕತ್ತರಿಸಿರಿ. ಪಟ್ಟಿಯ ಒಂದು ತೋಳು 10ಕ್ಕೆ 55, ಇನ್ನೊಂದು 10ಕ್ಕೆ 45, ಒಟ್ಟು 1000. ಅದು 10ರ ಘನ. ಉಳಿದ 45ರ ಚೌಕದಿಂದ 9ರ ಪಟ್ಟಿಯನ್ನು ತೆಗೆದರೆ 405 ಮತ್ತು 324 ಸೇರಿ 729. ಅದು 9ರ ಘನ. ಹೀಗೆ ಒಂದೊಂದೇ ಪಟ್ಟಿ ತೆಗೆಯುತ್ತ ಹೋದರೆ ಕೊನೆಗೆ 1 ಉಳಿಯುತ್ತದೆ.

ಇಲ್ಲಿ 10 ಎಂಬುದು ಉದಾಹರಣೆಯೇ ಅಲ್ಲವೇ ಎಂದು ಓದುಗರು ಕೇಳಬಹುದು. ಹೌದು, ಆದರೆ ಇಲ್ಲಿ 10 ಪರೀಕ್ಷೆಗೆ ಹಾಕಿದ ಬೆಲೆಯಲ್ಲ. ಪಟ್ಟಿ ಘನವಾಗಲು ಕಾರಣ, 55 ಮತ್ತು 45 ಸೇರಿ 100 ಆಗುವುದು. ಅದೇಕೆ ಹಾಗೆ? 1ರಿಂದ 10ರವರೆಗೆ ಒಂದು ಸಾಲು, 1ರಿಂದ 9ರವರೆಗೆ ಇನ್ನೊಂದು ಸಾಲು ಬರೆಯಿರಿ. ಮೊದಲ ಸಾಲಿನ 9ಕ್ಕೆ ಎರಡನೆಯದರ 1, 8ಕ್ಕೆ 2, 7ಕ್ಕೆ 3 ಹೀಗೆ ಜೋಡಿಸಿದರೆ ಒಂಬತ್ತು ಹತ್ತುಗಳು. ಉಳಿದ 10 ಸೇರಿ ಹತ್ತು ಹತ್ತುಗಳು. ಹತ್ತರ ಬದಲು ನೂರಿದ್ದರೂ ಜೋಡಣೆ ಇದೇ. ಉದಾಹರಣೆಯ ಒಳಗೆ ಕಾರಣವು ಕಂಡಾಗ ಅದು ಸಾಧನೆಯ ದಾರಿಯಾಗುತ್ತದೆ. ಬರೀ ಫಲಿತಾಂಶ ಕಂಡರೆ ಅದು ತಾಳೆ ಮಾತ್ರ.

ಹನ್ನೆರಡನೆಯ ಶತಮಾನದಲ್ಲಿ ಸಮೌಅಲ್ ಎಂಬ ಯುವಕನು ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ ‘ಅಲ್-ಬಾಹಿರ್’ ಎಂಬ ಗ್ರಂಥವನ್ನು ಬರೆದನು. ಬಗ್ದಾದಿನ ಯಹೂದಿ ಕುಟುಂಬದಲ್ಲಿ ಹುಟ್ಟಿದ ಆತ 1163ರಲ್ಲಿ ಇಸ್ಲಾಮ್ ಸ್ವೀಕರಿಸಿದನು. ಎರಡು ಸಂಖ್ಯೆಗಳ ಮೊತ್ತದ ಘನವನ್ನು ತಿಳಿದ ಮೇಲೆ ಅದರ ಆಧಾರದಿಂದ ನಾಲ್ಕನೆಯ ಘಾತವನ್ನು, ಹೀಗೆ ಪ್ರತಿಯೊಂದನ್ನೂ ಅದರ ಹಿಂದಿನದರಿಂದ ಪಡೆಯುವ ಕ್ರಮವನ್ನು ಅವನು ತೋರಿಸಿದನು.

ಉದಾಹರಣೆಗಳು ಎಷ್ಟಿದ್ದರೆ ಸಾಕು ಎಂಬ ಪ್ರಶ್ನೆಗೆ ಬಹಳ ಕಾಲದ ನಂತರ ಯುರೋಪಿನ ಆಯ್ಲರ್ ಗಮನಿಸಿದ ಒಂದು ಸೂತ್ರ ಉತ್ತರ ಕೊಡುತ್ತದೆ. ಒಂದು ಸಂಖ್ಯೆಯ ವರ್ಗದಿಂದ ಅದೇ ಸಂಖ್ಯೆಯನ್ನು ಕಳೆದು 41ನ್ನು ಕೂಡಿಸಿರಿ. 1ರಿಂದ 40ರವರೆಗೆ ಪ್ರತಿ ಬಾರಿಯೂ ಅವಿಭಾಜ್ಯ ಸಂಖ್ಯೆಯೇ ಬರುತ್ತದೆ. 41ನ್ನು ಹಾಕಿದಾಗ ಬರುವ 1681 ಮಾತ್ರ 41ರ ವರ್ಗ. ನಲವತ್ತು ಸಾಕ್ಷಿಗಳ ನಂತರ ನಿಯಮ ಬಿದ್ದುಹೋಯಿತು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ವರ್ಗಕ್ಕಿಂತ ಮೇಲಿನ ಘಾತವಿಲ್ಲದ, ಒಂದೇ ಚರಾಕ್ಷರದ ಸಮೀಕರಣವು ಮೂರು ಬೇರೆ ಬೇರೆ ಬೆಲೆಗಳಿಗೆ ಸರಿಬಂದರೆ ಅದು ಎಲ್ಲ ಬೆಲೆಗಳಿಗೂ ಸರಿಬರುತ್ತದೆ. ಏಕೆಂದರೆ ನಿತ್ಯಸಮೀಕರಣವಲ್ಲದ ವರ್ಗಸಮೀಕರಣಕ್ಕೆ ಎರಡಕ್ಕಿಂತ ಹೆಚ್ಚು ಪರಿಹಾರಗಳಿರಲಾರವು. ನಾವು ಮೊದಲು ನೋಡಿದ ಸುಳ್ಳು ನಿಯಮವು 1 ಮತ್ತು 2ರಲ್ಲಿ ಪಾರಾಗಿ 3ರಲ್ಲಿ ಸಿಕ್ಕಿಬಿದ್ದುದು ಇದೇ ಕಾರಣದಿಂದ. ಆದರೆ ಮೂರು ಸಾಕೆಂಬ ಭರವಸೆಯನ್ನು ಆ ಮೂರು ಬೆಲೆಗಳು ಕೊಡಲಿಲ್ಲ. ಅವುಗಳ ಹಿಂದೆ ನಿಂತ ಸಾಧಿತ ಪ್ರಮೇಯ ಕೊಟ್ಟಿತು.

ಎರಡು ಮೂರು ಪ್ರಸಂಗಗಳನ್ನು ನೋಡಿ ಒಂದು ಊರಿನ ಅಥವಾ ಒಂದು ಸಮುದಾಯದ ಬಗ್ಗೆ ತೀರ್ಪು ಕೊಡುವವರ ಅನ್ಯಾಯ ನಮಗೆ ನೋವುಂಟುಮಾಡುತ್ತದೆ. ಅದೇ ಅಳತೆಯಿಂದ ನಾವೂ ಇತರರನ್ನು ಅಳೆಯುತ್ತಿಲ್ಲವೇ ಎಂದು ಕೇಳಿಕೊಳ್ಳುವುದು ನ್ಯಾಯ. ಆ ಅಭ್ಯಾಸವನ್ನು ಮಗುವಿನ ಗಣಿತದ ಪುಸ್ತಕದಿಂದಲೇ ಆರಂಭಿಸಬಹುದು. ಇಂದು ಸಂಜೆ ಮಗುವು ಬಂದು ‘ಸರಿಬಂತು’ ಎಂದಾಗ ಬೆನ್ನು ತಟ್ಟೋಣ. ನಂತರ ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ‘ಏಕೆ ಸರಿಬಂತು, ಮಗು?’ ಎಂದು ಕೇಳೋಣ. ಅಲ್-ಖ್ವಾರಿಝ್ಮಿ ಆ ಚೌಕವನ್ನು ಎಳೆದದ್ದು ಇದೇ ಪ್ರಶ್ನೆಗೆ ಉತ್ತರವಾಗಿ.